ಡಂಡೀ ಹತ್ತಿರ ಯಾವ ಚಿಕ್ಕ ಕ್ಲಬ್ ಹಿಡಿಯಲಿ ಅಂತ ಕೇಳಿದವರಿಗೆ

ಸರ್, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯ್ತು. ಸ್ಕಾಟ್ಲೆಂಡ್‌ನ ಡಂಡೀಗೆ ಬಂದು ಮನೆ ಮಾಡಿದ್ದೀರಿ, ಎಂಟು ವರ್ಷದ ಮಗನಿಗೆ ಫುಟ್‌ಬಾಲ್ ಹುಚ್ಚು ಹಿಡಿದಿದೆ, ಗ್ಲಾಸ್ಗೋದ ದೊಡ್ಡ ಕ್ಲಬ್‌ಗಳ ಟಿಕೆಟ್ ಸಿಗುವುದೇ ಕಷ್ಟ. ಅದಕ್ಕೇ ಕೆಳಗಿನ ಲೀಗಿನ ಒಂದು ಕ್ಲಬ್ ಹಿಡಿದು ನೆಟ್ಟಗೆ ಫಾಲೋ ಮಾಡಬೇಕು ಅಂತಿದ್ದೀರಿ. ಕಾರು ಇಲ್ಲ, ಮನೆಯಲ್ಲಿ ದನದ ಮಾಂಸ ತಿನ್ನೋದಿಲ್ಲ ಅಂತಲೂ ಬರೆದಿದ್ದೀರಿ. ನಾನು ಪಕ್ಕದ ಊರಿನ ಅರ್ಬ್ರೋತ್ ಕ್ಲಬ್ಬಿನ ಅಭಿಮಾನಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ನಿಮಗೆ ಹತ್ತಿರದ ನಾಲ್ಕೂ ಚಿಕ್ಕ ಕ್ಲಬ್ ಬಗ್ಗೆ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

ಮೊದಲು ಲೀಗ್ ಹೇಗಿದೆ ಅಂತ ಬೇಗ ಹೇಳಿ ಮುಗಿಸುತ್ತೇನೆ. ಸ್ಕಾಟ್ಲೆಂಡ್‌ನ ಲೀಗಿನಲ್ಲಿ ಒಟ್ಟು 42 ಕ್ಲಬ್. ಮೇಲೆ ಪ್ರೀಮಿಯರ್‌ಶಿಪ್‌ನಲ್ಲಿ 12, ಅದರ ಕೆಳಗೆ ಚಾಂಪಿಯನ್‌ಶಿಪ್, ಲೀಗ್ ಒನ್, ಲೀಗ್ ಟೂ, ಒಂದೊಂದರಲ್ಲಿ 10. ಕೆಳಗಿನ ಮೂರರಲ್ಲೂ ಪ್ರತಿ ತಂಡ ಉಳಿದ ಒಂಬತ್ತರ ಜೊತೆ ನಾಲ್ಕು ಸಲ ಆಡುತ್ತದೆ. ಅಂದರೆ 36 ಪಂದ್ಯ, ಅದರಲ್ಲಿ 18 ನಮ್ಮ ಮೈದಾನದಲ್ಲಿ. ಆಗಸ್ಟ್‌ನಲ್ಲಿ ಶುರು, ಮೇ ತಿಂಗಳಿಗೆ ಮುಗಿಯುತ್ತದೆ. ಲೀಗ್ ಕಪ್ ಅನ್ನುವ ಬೇರೆ ಟೂರ್ನಿಯ ಗುಂಪು ಪಂದ್ಯಗಳು ಜುಲೈನಲ್ಲೇ ಬರುತ್ತವೆ, ಬಿಸಿಲಿರುವಾಗ ಹುಡುಗನನ್ನು ಕರೆದುಕೊಂಡು ಹೋಗೋಕೆ ಅವೇ ಒಳ್ಳೆಯವು.

ಈಗ ಯಾವ ಕ್ಲಬ್ ಅನ್ನೋದು. ನಿಮ್ಮ ಊರಲ್ಲೇ ಡಂಡೀ ಮತ್ತು ಡಂಡೀ ಯುನೈಟೆಡ್ ಇವೆ, ಎರಡರ ಮೈದಾನವೂ ಒಂದೇ ರಸ್ತೆಯಲ್ಲಿ. ಆದರೆ ನೀವು ಕೇಳಿದ್ದು ಚಿಕ್ಕ ಕ್ಲಬ್, ಹಾಗಾಗಿ ಪಕ್ಕದ ಆಂಗಸ್ ಜಿಲ್ಲೆಗೆ ಬರೋಣ. ಅಲ್ಲಿ ನಾಲ್ಕಿವೆ: ಅರ್ಬ್ರೋತ್, ಮಾಂಟ್ರೋಸ್, ಫೋರ್ಫರ್, ಬ್ರೀಕಿನ್. ಇಷ್ಟು ಚಿಕ್ಕ ಜಿಲ್ಲೆಗೆ ನಾಲ್ಕು ಹಳೇ ಕ್ಲಬ್ ಅಂದರೆ ದೊಡ್ಡ ವಿಷಯವೇ.

ಕಾರು ಇಲ್ಲದವರು ಮೊದಲು ನೋಡಬೇಕಾದ್ದು ರೈಲು. ಅರ್ಬ್ರೋತ್ ಮತ್ತು ಮಾಂಟ್ರೋಸ್ ಎರಡೂ ಡಂಡೀ–ಅಬರ್ಡೀನ್ ರೈಲು ಮಾರ್ಗದಲ್ಲೇ ಇವೆ. ಫೋರ್ಫರ್‌ನ ಮೈದಾನದ ಹೆಸರು ಸ್ಟೇಷನ್ ಪಾರ್ಕ್, ಆದರೆ ಊರಿಗೆ 1967ರಿಂದ ಪ್ಯಾಸೆಂಜರ್ ರೈಲೇ ಇಲ್ಲ. ಬ್ರೀಕಿನ್‌ಗೂ ಇಲ್ಲ. ಅಲ್ಲಿಗೆಲ್ಲ ಬಸ್ಸೇ ಗತಿ. ಮಳೆ ಗಾಳಿಯಲ್ಲಿ ಮಗನನ್ನು ಕಟ್ಟಿಕೊಂಡು ಬಸ್ಸಿಗೆ ಕಾಯೋದು ಒಂದೆರಡು ಸಲ ಪರವಾಗಿಲ್ಲ. ಸೀಸನ್ ಪೂರ್ತಿ ಆಗಲ್ಲ.

ಯಾವ ತಂಡ ಈ ವರ್ಷ ಗೆಲ್ಲುತ್ತಿದೆ ಅಂತ ಪಟ್ಟಿ ನೋಡಿ ಮಾತ್ರ ಆರಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಈ ಲೀಗುಗಳಲ್ಲಿ ಎಲ್ಲವೂ ಬೇಗ ತಿರುಗುತ್ತದೆ. ಮಾಂಟ್ರೋಸ್ ಕಥೆ ಕೇಳಿ. 2015ರಲ್ಲಿ ಅವರು ಲೀಗ್ ಟೂ ಕೊನೆಯಲ್ಲಿದ್ದರು. ಕೊನೆಯ ತಂಡ ಲೀಗಿನಿಂದಲೇ ಹೊರಬೀಳಬಹುದು ಅನ್ನುವ ಪ್ಲೇ-ಆಫ್ ಶುರುವಾಗಿದ್ದೇ ಆ ವರ್ಷ. ಈ 42ರ ಕೆಳಗಿನ ಪ್ರಾದೇಶಿಕ ಲೀಗಾದ ಹೈಲ್ಯಾಂಡ್ ಲೀಗಿನ ಬ್ರೋರಾ ರೇಂಜರ್ಸ್ ವಿರುದ್ಧ ಮೊದಲ ಪಂದ್ಯ 1-0 ಸೋತರು, ಎರಡನೆಯದನ್ನು ತಮ್ಮ ಲಿಂಕ್ಸ್ ಪಾರ್ಕ್‌ನಲ್ಲಿ 3-1 ಗೆದ್ದು, ಒಟ್ಟು ಗೋಲಿನಲ್ಲಿ 3-2 ಆಗಿ ಜೀವ ಉಳಿಸಿಕೊಂಡರು. ಮೂರೇ ವರ್ಷದಲ್ಲಿ, 2018ರಲ್ಲಿ, ಅದೇ ಲೀಗ್ ಟೂ ಗೆದ್ದು ಮೇಲೆ ಹೋದರು.

ಬ್ರೀಕಿನ್‌ನದು ಉಲ್ಟಾ ಕಥೆ. 2017–18ರಲ್ಲಿ ಅವರು ಚಾಂಪಿಯನ್‌ಶಿಪ್‌ನಲ್ಲಿ ಆಡಿದರು. ಇಡೀ ಸೀಸನ್ ಒಂದೂ ಗೆಲುವಿಲ್ಲ. 36 ಪಂದ್ಯದಲ್ಲಿ ನಾಲ್ಕು ಡ್ರಾ, 32 ಸೋಲು. ಮರುವರ್ಷ ಇನ್ನೊಂದು ಮೆಟ್ಟಿಲು ಕೆಳಗೆ. 2021ರಲ್ಲಿ ಅದೇ ಪ್ಲೇ-ಆಫ್‌ನಲ್ಲಿ ಕೆಲ್ಟಿ ಹಾರ್ಟ್ಸ್ ಕೈಯಲ್ಲಿ ಸೋತು ಲೀಗಿನಿಂದಲೇ ಆಚೆ. ಆಮೇಲೂ ಅವರ ಮೈದಾನ ಗ್ಲೀಬ್ ಪಾರ್ಕ್‌ನ ಆ ಹೆಸರಾಂತ ಗಿಡಗಳ ಹಸಿರು ಬೇಲಿ ಪಕ್ಕ ಜನ ಬಂದು ನಿಂತರು. 2023ರಲ್ಲಿ ಹೈಲ್ಯಾಂಡ್ ಲೀಗ್ ಗೆದ್ದರು, ಪ್ಲೇ-ಆಫ್‌ನಲ್ಲಿ ಮೇಲೆ ಬರೋಕೆ ಆಗಲಿಲ್ಲ. ನಾನು ಬೇರೆ ಕ್ಲಬ್ಬಿನವನು, ಆದರೂ ಆ ಬೇಲಿ ಪಕ್ಕದ ಜನರ ಬಗ್ಗೆ ನನಗೆ ತುಂಬಾ ಗೌರವ.

ನನ್ನ ಸಲಹೆ ಅರ್ಬ್ರೋತ್. ಡಂಡೀಯಿಂದ ರೈಲಿನಲ್ಲಿ ಇಪ್ಪತ್ತು ನಿಮಿಷದ ದಾರಿ, ಸ್ಟೇಷನ್ನಿಂದ ನಡೆದೇ ಹೋಗಬಹುದು. ಗೇಫೀಲ್ಡ್ ಮೈದಾನ ನಾರ್ತ್ ಸೀ ಪಕ್ಕದಲ್ಲೇ, ಗೋಡೆಯ ಆಚೆ ಸಮುದ್ರ. ಗಾಳಿ ಜೋರಿದ್ದ ದಿನ ಅಲೆಯ ಹನಿ ಗೋಡೆ ದಾಟಿ ಮುಖಕ್ಕೆ ಬೀಳುತ್ತದೆ. ಗೋಲ್‌ಕೀಪರ್ ಎತ್ತರಕ್ಕೆ ಒದ್ದ ಚೆಂಡು ಮಧ್ಯದಲ್ಲೇ ಗಾಳಿಗೆ ನಿಂತು, ಒಂದು ಕ್ಷಣ ಅಲ್ಲೇ ತೂಗಿ, ಅವನ ಕಡೆಗೇ ತಿರುಗುತ್ತದೆ. ಹೊರಗಿನ ತಂಡಗಳು ಇಲ್ಲಿ ಉದ್ದ ಪಾಸ್ ಆಡೋಕೆ ಹೋಗಿ ಒದ್ದಾಡುತ್ತವೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ಟಾಸ್ ಗೆದ್ದವರು ಯಾವ ಕಡೆ ಆರಿಸಿದರು ಅಂತ ನೋಡೋದನ್ನು ಮಗನಿಗೆ ಹೇಳಿಕೊಡಿ. ಅರ್ಧ ಪಂದ್ಯ ಅಲ್ಲೇ ಅರ್ಥವಾಗುತ್ತದೆ.

ಕ್ಲಬ್ ಶುರುವಾಗಿದ್ದು 1878ರಲ್ಲಿ. ಬಂದರಿಗೆ ಹಡಗುಗಳಿಗೆ ದಾರಿ ತೋರಿಸುತ್ತಿದ್ದ ಕೆಂಪು ದೀಪದಿಂದ ನಮಗೆ ರೆಡ್ ಲಿಕ್ಟೀಸ್ ಅನ್ನುವ ಹೆಸರು. 1885ರ ಸೆಪ್ಟೆಂಬರ್ 12ರಂದು ಸ್ಕಾಟಿಷ್ ಕಪ್ಪಿನಲ್ಲಿ ಬಾನ್ ಅಕಾರ್ಡ್ ತಂಡವನ್ನು 36-0 ಸೋಲಿಸಿದ್ದು ಇದೇ ಕ್ಲಬ್. ಜಾಕಿ ಪೆಟ್ರಿ ಒಬ್ಬನೇ 13 ಗೋಲ್. ಅದೇ ದಿನ ನಿಮ್ಮ ಡಂಡೀಯ ಹಾರ್ಪ್ ಅನ್ನುವ ತಂಡ 35-0 ಗೆದ್ದಿತ್ತು! ಮಗನಿಗೆ ಇದನ್ನು ಹೇಳಿ, ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬರುತ್ತಾನೆ.

ಇತ್ತೀಚಿನ ದೊಡ್ಡ ನೆನಪು 2021–22ರ ಸೀಸನ್. ಕೋಚ್ ಡಿಕ್ ಕ್ಯಾಂಬೆಲ್. ಹುಡುಗರೆಲ್ಲ ಪಾರ್ಟ್-ಟೈಮ್: ಹಗಲು ಬೇರೆ ಕೆಲಸ, ಸಂಜೆ ಪ್ರಾಕ್ಟೀಸ್. ಪೂರ್ಣಾವಧಿ ವೃತ್ತಿಪರ ತಂಡಗಳ ಮಧ್ಯೆ ಈ ತಂಡ ಚಾಂಪಿಯನ್‌ಶಿಪ್‌ನ ತುದಿಯಲ್ಲಿ ತಿಂಗಳುಗಟ್ಟಲೆ ನಿಂತಿತು. ಏಪ್ರಿಲ್‌ನಲ್ಲಿ ಕಿಲ್ಮಾರ್ನಕ್ ಮೈದಾನದಲ್ಲಿ ಪಂದ್ಯ ಮುಗಿಯೋ ಹೊತ್ತಿಗೆ ಬಂದ ಗೋಲಿನಿಂದ 2-1 ಸೋತಿತು, ಟ್ರೋಫಿ ಅವರದಾಯ್ತು. ಪ್ರೀಮಿಯರ್‌ಶಿಪ್‌ಗೆ ಏರುವ ಪ್ಲೇ-ಆಫ್‌ನಲ್ಲಿ ಇನ್ವರ್ನೆಸ್ ಎದುರು ಪೆನಾಲ್ಟಿಯಲ್ಲಿ ಹೋಯ್ತು. ಆ ನೋವು ಇನ್ನೂ ಇದೆ. 2024ರಲ್ಲಿ ತಂಡ ಕೆಳಗಿಳಿಯಿತು, 2025ರಲ್ಲಿ ಲೀಗ್ ಒನ್ ಗೆದ್ದು ಮತ್ತೆ ಮೇಲೆ ಬಂತು. ಚಿಕ್ಕ ಕ್ಲಬ್ ಹಿಡಿಯೋದು ಅಂದರೆ ಇದೆಲ್ಲ ಸೇರಿ ಬರುತ್ತದೆ, ಸರ್.

ಪಂದ್ಯದ ದಿನದ ವಿಷಯಕ್ಕೆ ಬರ್ತೀನಿ. ಸಾಮಾನ್ಯವಾಗಿ ಶನಿವಾರ ಮಧ್ಯಾಹ್ನ ಮೂರಕ್ಕೆ ಶುರು. ಆ ಹೊತ್ತಿನ ಪಂದ್ಯಗಳನ್ನು ಬ್ರಿಟನ್ನಿನ ಟಿವಿಯಲ್ಲಿ ಲೈವ್ ತೋರಿಸೋದಿಲ್ಲ, ಜನ ಮೈದಾನಕ್ಕೆ ಬರಲಿ ಅಂತಲೇ ಆ ನಿಯಮ. ಹೋಗೋಕೆ ಆಗದ ದಿನ ಬಿಬಿಸಿ ರೇಡಿಯೋ ಸ್ಕಾಟ್ಲೆಂಡ್ ಹಾಕಿಕೊಳ್ಳಿ. ಊರಲ್ಲಿರೋ ಅಜ್ಜ ಮೊಮ್ಮಗನ ತಂಡ ನೋಡಬೇಕು ಅಂದರೆ, ಕೆಲವು ಕ್ಲಬ್‌ಗಳು ಬ್ರಿಟನ್ ಹೊರಗಿನವರಿಗೆ ದುಡ್ಡು ತೆಗೆದುಕೊಂಡು ಲೈವ್ ಕೊಡುತ್ತವೆ. ಇಲ್ಲಿನ ಮೂರು ಗಂಟೆ ಅಂದರೆ ಚಳಿಗಾಲದಲ್ಲಿ ಭಾರತದಲ್ಲಿ ರಾತ್ರಿ ಎಂಟೂವರೆ, ಬೇಸಿಗೆಯ ಗಡಿಯಾರದಲ್ಲಿ ಏಳೂವರೆ.

ಎರಡೂವರೆಗೆ ಒಳಗಿರಿ. ಬೇಗ ಬಂದರೆ ಆಟಗಾರರು ವಾರ್ಮಪ್ ಮಾಡೋದನ್ನು ಬೇಲಿ ಪಕ್ಕದಲ್ಲೇ ನಿಂತು ನೋಡಬಹುದು. ಮಗನಿಗೆ ಅದೇ ದೊಡ್ಡ ಹಬ್ಬ. ಗೇಫೀಲ್ಡ್‌ನಲ್ಲಿ ಕೂರೋಕೆ ಒಂದು ದೊಡ್ಡ ಸ್ಟ್ಯಾಂಡ್ ಇದೆ, ಉಳಿದ ಮೂರು ಕಡೆ ನಿಂತು ನೋಡೋ ಟೆರೇಸ್. ದೊಡ್ಡ ಗುಂಪು ಬರುವ ಪಂದ್ಯ ಬಿಟ್ಟರೆ ಎರಡೂ ಕಡೆಯವರನ್ನು ಬೇರೆ ಬೇರೆ ಕೂಡಿಹಾಕೋದಿಲ್ಲ. ನಮ್ಮ ತಂಡ ಯಾವ ಕಡೆ ಗೋಲ್ ಹೊಡೆಯಬೇಕೋ ಆ ಗೋಲಿನ ಹಿಂದೆ ನಿಲ್ಲುತ್ತೇವೆ. ಅರ್ಧ ಸಮಯಕ್ಕೆ ಸೀಟಿ ಊದಿದ ತಕ್ಷಣ ಜನ ಬ್ಯಾನರ್ ಬಿಚ್ಚಿ ಮಡಚಿ, ಚಹಾ ಲೋಟ ಹಿಡಿದು, ಮೈದಾನ ಸುತ್ತಿಕೊಂಡು ಇನ್ನೊಂದು ತುದಿಗೆ ಹೊರಡುತ್ತಾರೆ. ಎದುರು ತಂಡದವರು ಈ ಕಡೆ ಬರುತ್ತಿರುತ್ತಾರೆ. ದಾರಿಯಲ್ಲಿ ಎದುರಾದಾಗ ಒಂದು ಕೀಟಲೆ, ಒಂದು ನಗು, ಮುಂದಕ್ಕೆ. ದೊಡ್ಡ ಸ್ಟೇಡಿಯಂಗಳಲ್ಲಿ ಇದು ಸಿಗೋದೇ ಇಲ್ಲ. ಬೈಗುಳ ಕಿವಿಗೆ ಬೀಳುತ್ತದೆ, ಅದು ಬೇಡ ಅಂದರೆ ಮೊದಲ ಕೆಲವು ಪಂದ್ಯ ಸ್ಟ್ಯಾಂಡಿನಲ್ಲಿ ಕೂತು ನೋಡಿ, ಅಲ್ಲಿ ಮನೆಮಂದಿ ಜಾಸ್ತಿ.

ನಮ್ಮವರು ಅಲ್ಲಿ ಕಡಿಮೆ ಕಾಣುತ್ತಾರೆ, ನಿಜ. ಎಲ್ಲಿಂದ ಬಂದಿದ್ದೀರಿ, ಇಷ್ಟು ಕ್ಲಬ್ ಇರುವಾಗ ಇದೇ ಯಾಕೆ ಅಂತ ಕೇಳುತ್ತಾರೆ. ಆ ಪ್ರಶ್ನೆ ಅಕ್ಕರೆಯದು. ಎರಡನೇ ಸಲ ಹೋದಾಗ ಗುರುತು ಹಿಡಿಯುತ್ತಾರೆ, ಮೂರನೇ ಸಲ ಮಗನ ಹೆಸರು ನೆನಪಿಟ್ಟಿರುತ್ತಾರೆ. ಯಾರಾದರೂ ಬಣ್ಣದ ಬಗ್ಗೆ ಕೆಟ್ಟ ಮಾತಾಡಿದರೆ ಸುಮ್ನೆ ಇರಬೇಡಿ, ಹತ್ತಿರದ ಸ್ಟೀವರ್ಡ್‌ಗೆ, ಅಂದರೆ ಮೈದಾನ ನೋಡಿಕೊಳ್ಳುವ ಸಿಬ್ಬಂದಿಗೆ, ಹೇಳಿ.

ಊಟದ ವಿಷಯ ನೀವು ಕೇಳಿದ್ದು ಒಳ್ಳೆಯದಾಯ್ತು. ಇಲ್ಲಿನ ಪದ್ಧತಿ ಪೈ ಮತ್ತು ಬೋವ್ರಿಲ್. ಬೋವ್ರಿಲ್ ಅಂದರೆ ದನದ ಮಾಂಸದ ಸಾರ ಬಿಸಿನೀರಿಗೆ ಹಾಕಿದ ಪಾನೀಯ. ನೋಡೋಕೆ ಕಪ್ಪು ಕಾಫಿ ಥರ ಇರುತ್ತದೆ, ಗೊತ್ತಿಲ್ಲದೆ ತೆಗೆದುಕೊಂಡುಬಿಡಬೇಡಿ. ಸ್ಕಾಚ್ ಪೈ ಹಿಂದಿನಿಂದ ಕುರಿ ಮಾಂಸದ್ದು, ಆದರೆ ದನದ ಮಾಂಸ ಹಾಕುವವರೂ ಇದ್ದಾರೆ, ಕೇಳಿಯೇ ತಗೊಳ್ಳಿ. ಫೋರ್ಫರ್‌ಗೆ ಹೋದರೆ ಬ್ರೈಡಿ ಅಂತ ಸಿಗುತ್ತದೆ, ಅದು ದನದ ಮಾಂಸವೇ. ಕೆಲವು ಕಡೆ ಮ್ಯಾಕರೋನಿ ಪೈ ಇರುತ್ತದೆ, ಮಾಂಸ ಇರಲ್ಲ, ಮಕ್ಕಳಿಗೆ ಇಷ್ಟ. ಚಿಪ್ಸ್, ಚಹಾ ಇದ್ದೇ ಇರುತ್ತದೆ. ನಾನಂತೂ ಚಪಾತಿ ಸುತ್ತಿಕೊಂಡು ಜೇಬಿಗೆ ಹಾಕಿಕೊಳ್ಳುತ್ತೇನೆ. ಮೀನು ತಿನ್ನುವವರಾದರೆ ಪಂದ್ಯಕ್ಕೆ ಮುಂಚೆ ಬಂದರಿನ ಹತ್ತಿರ ಅರ್ಬ್ರೋತ್ ಸ್ಮೋಕಿ ತಿನ್ನಿ, ಹೊಗೆಯಲ್ಲಿ ಬೇಯಿಸಿದ ಹ್ಯಾಡಕ್ ಮೀನು, ಬಿಸಿಬಿಸಿ ಸಿಕ್ಕರೆ ಬಿಡಲೇಬೇಡಿ. ಮದ್ಯ ಒಳಗೆ ಮಾರೋದಿಲ್ಲ. 1980ರ ಸ್ಕಾಟಿಷ್ ಕಪ್ ಫೈನಲ್ ಗಲಾಟೆಯಾದ ಮೇಲೆ ಸಾಮಾನ್ಯ ಪ್ರೇಕ್ಷಕರಿಗೆ ಕಾನೂನೇ ತಡೆದಿದೆ.

ಬಟ್ಟೆ: ಡಿಸೆಂಬರ್‌ನಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ದ್ವಿತೀಯಾರ್ಧ ಪೂರ್ತಿ ಫ್ಲಡ್‌ಲೈಟಿನಲ್ಲೇ. ಕಾಲಿಗೆ ದಪ್ಪ ಸಾಕ್ಸ್ ಎರಡು ಜೊತೆ, ಗಾಳಿ ತೂರದ ಜಾಕೆಟ್, ಕಿವಿ ಮುಚ್ಚುವ ಟೋಪಿ. ಛತ್ರಿ ತರಬೇಡಿ, ಗೇಫೀಲ್ಡ್ ಗಾಳಿಗೆ ಅದು ನಿಲ್ಲೋದಿಲ್ಲ, ಹಿಂದಿನವರಿಗೂ ಅಡ್ಡ. ಹೊರಡೋ ಮುಂಚೆ ಬೆಳಿಗ್ಗೆ ಕ್ಲಬ್ಬಿನ ಫೇಸ್‌ಬುಕ್ ಪುಟ ನೋಡಲೇಬೇಕು.  ನೆಲ ಹೆಪ್ಪುಗಟ್ಟಿದ್ದರೆ ಅಥವಾ ನೀರು ನಿಂತಿದ್ದರೆ ರೆಫರಿ ಬಂದು ನೋಡಿ ಪಂದ್ಯ ಮುಂದೂಡುತ್ತಾರೆ. ಮುಂದೂಡಿದ್ದು ವಾರದ ಮಧ್ಯೆ ರಾತ್ರಿ ಬರುತ್ತದೆ, ಮರುದಿನ ಮಗನಿಗೆ ಶಾಲೆ ಇರುತ್ತದೆ, ಅದನ್ನೂ ಯೋಚನೆ ಮಾಡಿಟ್ಟುಕೊಳ್ಳಿ.

ಇನ್ನು ದುಡ್ಡು. ಈ ಮಟ್ಟದಲ್ಲಿ ದೊಡ್ಡವರ ಟಿಕೆಟ್ ದೊಡ್ಡ ಕ್ಲಬ್‌ಗಳಿಗಿಂತ ತುಂಬಾ ಅಗ್ಗ. ಚಿಕ್ಕ ಮಕ್ಕಳಿಗೆ ಬಹಳ ಕ್ಲಬ್‌ಗಳು ತೀರಾ ಕಡಿಮೆ ತಗೋತಾರೆ, ಇಲ್ಲವೇ ಬಿಟ್ಟೇ ಬಿಡ್ತಾರೆ. ಮೊದಲು ಕೆಲವು ಪಂದ್ಯ ಟಿಕೆಟ್ ತೆಗೆದುಕೊಂಡೇ ನೋಡಿ. ಮನಸ್ಸು ಕೂತರೆ ಮುಂದಿನ ಬೇಸಿಗೆಯಲ್ಲಿ ಸೀಸನ್ ಟಿಕೆಟ್ ಮಾಡಿಸಿ. ಮೇ ಕೊನೆಯಿಂದ ಜುಲೈವರೆಗೆ ಪಂದ್ಯ ಇಲ್ಲ, ಗೇಟಿನ ಹಣ ಇಲ್ಲ. ಆದರೆ ಹೊಸ ಆಟಗಾರರಿಗೆ ಸಹಿ ಹಾಕಿಸೋದು ಅದೇ ತಿಂಗಳುಗಳಲ್ಲಿ. ನೀವು ಆಗ ಕೊಟ್ಟ ದುಡ್ಡು ಕೋಚ್ ಕೈಗೆ ಸರಿಯಾದ ಹೊತ್ತಿಗೆ ಸಿಗುತ್ತದೆ. ಲೀಗ್ ಪಂದ್ಯದ ಗೇಟಿನ ಹಣ ಯಾರ ಮೈದಾನವೋ ಅವರಿಗೇ. ಹಾಗಾಗಿ ಮನೆ ಪಂದ್ಯ ತಪ್ಪಿಸಿ ಹೊರಗಿನ ಪಂದ್ಯಕ್ಕೆ ಹೋಗಬೇಡಿ, ಮೊದಲು ಮನೆಯದು.

ಕ್ಲಬ್ ನಡೆಯೋದು ನಮ್ಮೂರ ಗಣೇಶೋತ್ಸವ ಸಮಿತಿ ಥರ: ಸಂಬಳ ತಗೊಳ್ಳುವವರು ಕೆಲವೇ ಜನ, ಉಳಿದದ್ದೆಲ್ಲ ಮನಸ್ಸಿಟ್ಟು ಬಂದು ದುಡಿಯೋರು. ಲಕ್ಕಿ ಡ್ರಾ ಟಿಕೆಟ್ ಮಾರೋರು, ಗೇಟಿನಲ್ಲಿ ನಿಲ್ಲೋರು, ಹಿಮ ಬಿದ್ದಾಗ ಸಲಿಕೆ ತರೋರು. ಬಿಡುವಿದ್ದರೆ ನೀವೂ ಕೇಳಿ, ಬೇಡ ಅನ್ನೋದಿಲ್ಲ. ಇಂಥದ್ದೇ ಇನ್ನೊಂದು ಚಿಕ್ಕ ಕ್ಲಬ್ ಸ್ಟಿರ್ಲಿಂಗ್ ಆಲ್ಬಿಯನ್ನನ್ನು 2010ರಲ್ಲಿ ಅಭಿಮಾನಿಗಳ ಟ್ರಸ್ಟೇ ಕೊಂಡುಕೊಂಡಿತು. ಅಭಿಮಾನಿ ಅನ್ನೋನು ಇಲ್ಲಿ ಬರೀ ನೋಡೋನಲ್ಲ.

ಹೊರಗಿನ ಪಂದ್ಯಗಳಿಗೆ ಅಭಿಮಾನಿಗಳ ಬಸ್ ಹೊರಡುತ್ತದೆ, ಅದರಲ್ಲೇ ಹೋಗಿ. ಇನ್ನೊಂದು ಆಸೆ ಇಟ್ಟುಕೊಳ್ಳಿ: ಸ್ಕಾಟಿಷ್ ಕಪ್. ಅದರಲ್ಲಿ ದೊಡ್ಡ ತಂಡ ಸಿಕ್ಕರೆ ಗೇಟಿನ ಹಣ ಇಬ್ಬರಿಗೂ ಹಂಚಿಕೆ, ಒಂದು ಪಂದ್ಯದಲ್ಲೇ ಚಿಕ್ಕ ಕ್ಲಬ್ಬಿಗೆ ಉಸಿರು ಬರುತ್ತದೆ. 1967ರಲ್ಲಿ ಚಿಕ್ಕ ಬೆರಿಕ್ ರೇಂಜರ್ಸ್ ಗ್ಲಾಸ್ಗೋದ ದೊಡ್ಡ ರೇಂಜರ್ಸನ್ನು 1-0 ಸೋಲಿಸಿದ್ದು, 2023ರ ಜನವರಿಯಲ್ಲಿ ಆರನೇ ಹಂತದ ಡಾರ್ವೆಲ್ ಅಬರ್ಡೀನನ್ನು 1-0 ಸೋಲಿಸಿದ್ದು ಇದೇ ಕಪ್ಪಿನಲ್ಲಿ. 1938ರಲ್ಲಿ ಈಸ್ಟ್ ಫೈಫ್ ಎರಡನೇ ಡಿವಿಷನ್ನಿನಲ್ಲಿದ್ದುಕೊಂಡೇ ಕಪ್ ಎತ್ತಿತ್ತು.

ಮೊದಲ ಪಂದ್ಯಕ್ಕೆ ಯಾವ ಶನಿವಾರ ಬರ್ತೀರಿ ಅಂತ ಇಲ್ಲೇ ಬರೆಯಿರಿ, ಸ್ಟೇಷನ್ ಹತ್ತಿರ ಸಿಗುತ್ತೇನೆ. ಕೆಂಗಂದು ಬಣ್ಣದ ಸ್ಕಾರ್ಫ್ ಮಗನಿಗೆ ಕ್ಲಬ್ ಅಂಗಡಿಯಲ್ಲೇ ಕೊಡಿಸಿ, ಆನ್‌ಲೈನ್ ನಕಲಿ ಬೇಡ, ಆ ದುಡ್ಡು ಕ್ಲಬ್ಬಿಗೆ ಹೋಗಲ್ಲ.