ಹಳೆ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿಕೊಂಡೆ, ಇನ್ನು ಯಾವ ಮುಕ್ತ ತಂತ್ರಾಂಶಗಳು ಬೇಕು?

ನೀವು ಕೇಳಿದ್ದು ಇಷ್ಟು. 4 ಜಿಬಿ ರ್‍ಯಾಮ್ ಇರುವ ಹಳೆ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಮುಕ್ತ ಕಾರ್ಯಾಚರಣೆ ವ್ಯವಸ್ಥೆ ಹಾಕಿಕೊಂಡಿದ್ದೀರಿ. ಕನ್ನಡದಲ್ಲಿ ಬರೆಯಬೇಕು. ತಂದೆಯವರು ನುಡಿ ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಬರಹಗಳು ಒಂದು ಪೆನ್‌ಡ್ರೈವ್ ತುಂಬ ಇವೆ, ತೆರೆದರೆ ಓದಲು ಬರುತ್ತಿಲ್ಲ. ಜೊತೆಗೆ ಪಿಡಿಎಫ್ ಕೆಲಸ ಇರುತ್ತದೆ. ಮನೆಯಲ್ಲಿ ಏಳು ವರ್ಷದ ಮಗಳಿದ್ದಾಳೆ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಣ್ಣ ಊರಿನಲ್ಲಿ ಡಿಟಿಪಿ, ಜೆರಾಕ್ಸ್ ಅಂಗಡಿ ನಡೆಸುತ್ತೇನೆ. ಎಂಟು ವರ್ಷದಿಂದ ಅಂಗಡಿಯ ಎರಡು ಕಂಪ್ಯೂಟರ್‌ಗಳಲ್ಲಿ ಒಂದು ಲಿನಕ್ಸ್‌ನಲ್ಲಿದೆ. ಶುರುವಾಗಿದ್ದು ವೈರಸ್ ಕಾಟದಿಂದ. ಗಿರಾಕಿಗಳ ಪೆನ್‌ಡ್ರೈವ್ ಹಾಕಿದರೆ ಸಾಕು, ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿಬಿಡುತ್ತಿದ್ದವು. ವಿಂಡೋಸ್‌ಗೆಂದು ಬರೆದ ಆ ವೈರಸ್ ಲಿನಕ್ಸ್‌ನಲ್ಲಿ ಓಡುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ನೋಡಲಿಕ್ಕೆ ಅಂತಲೇ ಒಂದು ಮಷಿನ್ ಇಟ್ಟೆ. ಈಗ ಕೆಲಸದ ಮುಕ್ಕಾಲು ಪಾಲು ಅದರಲ್ಲೇ ನಡೆಯುತ್ತದೆ.

ಇಂಥ ಪ್ರಶ್ನೆಗೆ ಸಾಮಾನ್ಯವಾಗಿ ಐವತ್ತು ಹೆಸರುಗಳ ಪಟ್ಟಿ ಸಿಗುತ್ತದೆ. ಅದನ್ನು ನೋಡಿ ಎಲ್ಲವನ್ನೂ ಹಾಕಿಕೊಳ್ಳಬೇಡಿ. ಕನ್ನಡದಲ್ಲಿ ಕೆಲಸ ಮಾಡುವವರು ಮೊದಲು ಕನ್ನಡವನ್ನು ಸರಿ ಮಾಡಿಕೊಳ್ಳಬೇಕು. ಟೈಪಿಂಗ್, ಫಾಂಟ್, ಬರೆಯುವ ತಂತ್ರಾಂಶ. ಈ ಮೂರು ಕುದುರಿದರೆ ಉಳಿದದ್ದು ಬೇಕಾದ ಹಾಗೆ ಒಂದೊಂದೇ ಬರುತ್ತದೆ.

ಟೈಪಿಂಗ್‌ಗೆ ಐಬಸ್ ಮತ್ತು ಐಬಸ್-ಎಂ17ಎನ್ ಎಂಬ ಎರಡು ಪ್ಯಾಕೇಜ್ ಬೇಕು. ಎರಡೂ ಮಿಂಟ್‌ನ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲೇ ಸಿಗುತ್ತವೆ. ಹಾಕಿದ ಮೇಲೆ ಇನ್‌ಪುಟ್ ಮೆಥಡ್ ಸೆಟ್ಟಿಂಗ್‌ನಲ್ಲಿ ಐಬಸ್ ಆಯ್ದುಕೊಳ್ಳಿ. ಒಮ್ಮೆ ಲಾಗೌಟ್ ಆಗಿ ಒಳಗೆ ಬನ್ನಿ. ಇದನ್ನು ಮರೆತು "ಬರ್ತಾ ಇಲ್ಲ" ಅಂತ ಒದ್ದಾಡುವವರೇ ಜಾಸ್ತಿ. ಆಮೇಲೆ ಐಬಸ್‌ನ ಪಟ್ಟಿಯಲ್ಲಿ ಕನ್ನಡದ ಕೆಳಗೆ ಕೆಜಿಪಿ ಅಂತ ಇರುತ್ತದೆ. ಅದೇ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ, ಮೂಲದಲ್ಲಿ ಕೆ.ಪಿ. ರಾವ್ ಅವರು ರೂಪಿಸಿದ್ದು. ನುಡಿಯಲ್ಲಿ ಬೆರಳು ಪಳಗಿದವರಿಗೆ ಹೊಸದಾಗಿ ಏನೂ ಕಲಿಯಬೇಕಿಲ್ಲ. ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಿದರೆ "ಕನ್ನಡ" ಬರುತ್ತದೆ. ತಂದೆಯವರು ಈಗಲೂ ಬರೆಯುತ್ತಾರೆ ಅಂತಾದರೆ ಅವರನ್ನೇ ಕೂರಿಸಿ ನೋಡಿ, ಎರಡು ನಿಮಿಷದಲ್ಲಿ ಹೊಂದಿಕೊಳ್ಳುತ್ತಾರೆ. ಕೀಬೋರ್ಡ್ ಲೇಔಟ್‌ಗಳ ಪಟ್ಟಿಯಲ್ಲೂ ಕಗಪ ಎಂಬುದೊಂದು ಇದೆ. ಆದರೆ ನನ್ನ ಕೈಗೆ ಹೊಂದಿದ್ದು ಐಬಸ್‌ನದೇ.

ಫಾಂಟ್ ವಿಷಯದಲ್ಲಿ ಜಾಸ್ತಿ ಹುಡುಕಬೇಡಿ. ನೋಟೋ ಸೆರಿಫ್ ಕನ್ನಡ, ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ, ನವಿಲು. ಇಷ್ಟಿದ್ದರೆ ಮನೆಯ ಕೆಲಸಕ್ಕೆ ಧಾರಾಳ. ಎಲ್ಲವೂ ಮುಕ್ತ ಫಾಂಟ್‌ಗಳೇ. ಉದ್ದನೆಯ ಬರಹಕ್ಕೆ ನಾನು ನೋಟೋ ಸೆರಿಫ್ ಬಿಟ್ಟು ಬೇರೆ ಮುಟ್ಟುವುದಿಲ್ಲ. ಒತ್ತಕ್ಷರ ಸಣ್ಣ ಅಳತೆಯಲ್ಲೂ ಬಿಡಿಬಿಡಿಯಾಗಿ ಕಾಣುತ್ತದೆ.

ಬರೆಯಲು ಲಿಬ್ರೆ ಆಫೀಸ್. ಮಿಂಟ್ ಜೊತೆಗೇ ಬಂದಿರುತ್ತದೆ. 2010ರಲ್ಲಿ ಓಪನ್ ಆಫೀಸ್‌ನಿಂದ ಕವಲೊಡೆದು ಬಂದದ್ದು ಇದು. ಕನ್ನಡಿಗರು ಇದರಲ್ಲಿ ಒಂದು ಕಡೆ ಖಂಡಿತ ಮುಗ್ಗರಿಸುತ್ತಾರೆ, ಅದನ್ನು ಮಾತ್ರ ಬಿಡಿಸಿ ಹೇಳುತ್ತೇನೆ. ಲಿಬ್ರೆ ಆಫೀಸ್ ಇಂಗ್ಲಿಷ್ ಅಕ್ಷರಕ್ಕೆ ಒಂದು ಫಾಂಟ್, ಕನ್ನಡದಂಥ ಲಿಪಿಗಳಿಗೆ ಇನ್ನೊಂದು ಫಾಂಟ್ ಅಂತ ಬೇರೆ ಬೇರೆ ಲೆಕ್ಕ ಇಡುತ್ತದೆ. ಎರಡನೆಯದಕ್ಕೆ ಅದು ಇಟ್ಟ ಹೆಸರು ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್. ಶೈಲಿಯಲ್ಲಿ ಅಳತೆ 14ಕ್ಕೆ ಏರಿಸಿದೆ, ಕನ್ನಡ ಮಾತ್ರ 12ರಲ್ಲೇ ಉಳಿಯಿತು ಅಂತ ಜನ ಕಂಗಾಲಾಗುವುದು ಇದಕ್ಕೇ. ಟೂಲ್ಸ್‌ನ ಆಪ್ಷನ್ಸ್ ಒಳಗೆ ಭಾಷೆಯ ಭಾಗಕ್ಕೆ ಹೋಗಿ ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್ ಎದುರು ಗುರುತು ಹಾಕಿ, ಕನ್ನಡ ಆಯ್ದುಕೊಳ್ಳಿ. ಆಮೇಲೆ ಎಫ್11 ಒತ್ತಿದರೆ ಸ್ಟೈಲ್‌ಗಳ ಪಟ್ಟಿ ಬರುತ್ತದೆ. ಡೀಫಾಲ್ಟ್ ಪ್ಯಾರಾಗ್ರಾಫ್ ಸ್ಟೈಲ್‌ನಲ್ಲಿ ಕನ್ನಡದ ಫಾಂಟ್ ಮತ್ತು ಅಳತೆಯನ್ನು ಒಮ್ಮೆ ಕೂರಿಸಿ. ಐದು ನಿಮಿಷದ ಕೆಲಸ. ಇದು ಗೊತ್ತಾಗುವ ಮೊದಲು ನಾನು ಪ್ರತಿ ಪ್ಯಾರಾ ಆಯ್ದು ಆಯ್ದು ಅಳತೆ ಬದಲಿಸುತ್ತಿದ್ದೆ.

ಬೇರೆಯವರು ಕಳಿಸಿದ ವರ್ಡ್ ಫೈಲ್‌ನಲ್ಲಿ ಸಾಲುಗಳು ಆಚೀಚೆ ಆದರೆ ಹೆಚ್ಚಿನ ಸಲ ಕಾರಣ ಫಾಂಟ್ ಇಲ್ಲದಿರುವುದು. ಕ್ಯಾಲಿಬ್ರಿ, ಕೇಂಬ್ರಿಯಾ ಜಾಗಕ್ಕೆ ಕಾರ್ಲಿಟೋ, ಕ್ಯಾಲಡಿಯಾ ಎಂಬ ಮುಕ್ತ ಫಾಂಟ್‌ಗಳಿವೆ. ಅಕ್ಷರದ ಅಗಲ ಒಂದೇ ಆದ್ದರಿಂದ ಪುಟಗಳು ಅಲುಗಾಡುವುದಿಲ್ಲ.

ಈಗ ತಂದೆಯವರ ಪೆನ್‌ಡ್ರೈವ್. ನೀವು ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿದ್ದು ಇದೇ. ನಮ್ಮ ಅಂಗಡಿಗೂ ಇಂಥ ಪೆನ್‌ಡ್ರೈವ್‌ಗಳು ಬರುತ್ತಲೇ ಇರುತ್ತವೆ. ಆ ಕಾಲದ ನುಡಿ ಫಾಂಟ್‌ಗಳು ಯೂನಿಕೋಡ್ ಅಲ್ಲ, ಅಂದರೆ ಎಲ್ಲ ಕಂಪ್ಯೂಟರ್, ಮೊಬೈಲ್ ಒಪ್ಪಿದ ಅಕ್ಷರ ಸಂಕೇತ ಪದ್ಧತಿಯಲ್ಲಿ ಇಲ್ಲ. ಇಂಗ್ಲಿಷ್ ಅಕ್ಷರಗಳಿಗೆಂದು ಇರುವ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ಅದೇ ಬರಹ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತದೆ. ಬರಹ ಹಾಳಾಗಿಲ್ಲ, ಧೈರ್ಯವಾಗಿರಿ. ಹಳೆ ಕಂಪ್ಯೂಟರ್‌ನಿಂದ ಆ ನುಡಿ ಫಾಂಟ್ ಫೈಲ್ ತಂದು ಲಿನಕ್ಸ್‌ನಲ್ಲಿ ತೆರೆದರೆ ಇನ್‌ಸ್ಟಾಲ್ ಮಾಡುವ ಬಟನ್ ಬರುತ್ತದೆ. ಹಾಕಿದ ತಕ್ಷಣ ಓದಲು ಬರುತ್ತದೆ.

ಅಲ್ಲಿಗೇ ನಿಲ್ಲಬೇಡಿ. ಓದಲು ಬಂದರೂ ಅದರಲ್ಲಿ ಒಂದು ಕನ್ನಡ ಪದ ಹುಡುಕಲು ಆಗುವುದಿಲ್ಲ, ಮೊಬೈಲ್‌ಗೆ ಕಳಿಸಿದರೆ ಮತ್ತೆ ಅದೇ ಕಲಸುಮೇಲೋಗರ. ಯೂನಿಕೋಡ್‌ಗೆ ಬದಲಿಸಿಕೊಳ್ಳಿ. ನುಡಿಯ ಬರಹವನ್ನು ಯೂನಿಕೋಡ್ ಮಾಡುವ ಮುಕ್ತ ಪರಿವರ್ತಕಗಳಿವೆ, ಕೆಲವು ಬ್ರೌಸರ್‌ನಲ್ಲೇ ನಡೆಯುತ್ತವೆ. ಅನುಭವದಿಂದ ಎರಡು ಎಚ್ಚರಿಕೆ ಹೇಳುತ್ತೇನೆ. ಬರಹದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡ ಅಂತ ತಿಳಿದು ಏನೇನೋ ಮಾಡಿಬಿಡುತ್ತದೆ. ಬರೀ ಪಠ್ಯ ಹೋಗುವುದರಿಂದ ದಪ್ಪ ಅಕ್ಷರ, ಕೋಷ್ಟಕ ಯಾವುದೂ ಉಳಿಯುವುದಿಲ್ಲ. ಆದ್ದರಿಂದ ಮೂಲ ಫೈಲ್ ಅಳಿಸಬೇಡಿ, ಪಕ್ಕದಲ್ಲಿ ಇಟ್ಟುಕೊಂಡು ಓದಿ. ಅರ್ಕಾವತ್ತು ಇರುವ ಪದಗಳನ್ನು ಒಂದೊಂದಾಗಿ ನೋಡಿ. ತಪ್ಪು ನುಸುಳುವುದು ಅಲ್ಲೇ ಜಾಸ್ತಿ.

ಟೈಪ್ ಮಾಡದೆ ಬರೀ ಮುದ್ರಣದಲ್ಲಿ ಉಳಿದ ಬರಹಗಳೂ ಇರಬಹುದು ಅಲ್ವಾ? ಅದಕ್ಕೆ ಟೆಸೆರಾಕ್ಟ್ ಇದೆ. ಪುಟದ ಚಿತ್ರ ನೋಡಿ ಅಕ್ಷರ ಗುರುತಿಸುವ ತಂತ್ರಾಂಶ. 1980ರ ದಶಕದಲ್ಲಿ ಎಚ್‌ಪಿ ಕಂಪನಿಯಲ್ಲಿ ಹುಟ್ಟಿತು, 2005ರಲ್ಲಿ ಮುಕ್ತವಾಯಿತು. 2018ರಲ್ಲಿ ಬಂದ 4ನೇ ಆವೃತ್ತಿಯಿಂದ, ಮಾದರಿಗಳನ್ನು ನೋಡಿ ಕಲಿಯುವ ನ್ಯೂರಲ್ ನೆಟ್‌ವರ್ಕ್ ಬಳಸುತ್ತದೆ. ಟೆಸೆರಾಕ್ಟ್ ಜೊತೆಗೆ ಅದರ ಕನ್ನಡದ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಕಮಾಂಡ್ ಟೈಪ್ ಮಾಡುವುದು ಬೇಡ ಅಂದರೆ ಜಿಇಮೇಜ್‌ರೀಡರ್ ಹಾಕಿಕೊಳ್ಳಿ. ಎಡಕ್ಕೆ ಪುಟದ ಚಿತ್ರ, ಬಲಕ್ಕೆ ಪಠ್ಯ. ಸ್ಕ್ಯಾನ್ ಮಾಡುವಾಗ 300 ಡಿಪಿಐಗಿಂತ (ಇಂಚಿಗೆ ಇಷ್ಟು ಚುಕ್ಕಿ ಎಂಬ ಲೆಕ್ಕ) ಕಡಿಮೆ ಬೇಡ.

ಹೋದ ವರ್ಷ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕವನ ಸಂಕಲನ ತಂದಿದ್ದರು. ಎಂಬತ್ತು ಪುಟ, ಮೊಳೆ ಜೋಡಿಸಿ ಅಚ್ಚು ಮಾಡಿದ ಕಾಲದ್ದು. ಉಳಿದಿದ್ದು ಅದೊಂದೇ ಪ್ರತಿ. ಸ್ಕ್ಯಾನ್ ಮಾಡಿ, ಟೆಸೆರಾಕ್ಟ್‌ಗೆ ಕೊಟ್ಟು, ದಿನಕ್ಕೆ ಹತ್ತು ಪುಟದಂತೆ ಇಬ್ಬರೂ ಕೂತು ತಿದ್ದಿದೆವು. ಪ ಮತ್ತು ವ, ಥ ಮತ್ತು ಧ ಅದಲು ಬದಲಾಗುತ್ತಿದ್ದವು. ಶಾಯಿ ಹರಡಿದ ಕಡೆ ದೀರ್ಘಗಳು ತಪ್ಪುತ್ತಿದ್ದವು. ಆದರೂ ಮೊದಲಿಂದ ಟೈಪ್ ಮಾಡುವುದಕ್ಕಿಂತ ಎಷ್ಟೋ ಬೇಗ ಮುಗಿಯಿತು. ಕೊನೆಯ ಪುಟ ತಿದ್ದಿದ ದಿನ ಅವರು ತಮ್ಮದೇ ಒಂದು ಸಾಲನ್ನು ಮೊಬೈಲ್‌ನಲ್ಲಿ ಹುಡುಕಿ ಓದಿದರು. ಈ ಕೆಲಸದಲ್ಲಿ ನನಗೆ ಇಷ್ಟು ಖುಷಿ ಕೊಟ್ಟ ದಿನ ಇನ್ನೊಂದಿಲ್ಲ.

ಪಿಡಿಎಫ್‌ಗೆ ಎರಡು ಸಾಕು. ಪುಟ ಸೇರಿಸಲು, ತೆಗೆಯಲು, ತಿರುಗಿಸಲು ಪಿಡಿಎಫ್ ಅರೇಂಜರ್. ಅರ್ಜಿಯ ಮೇಲೆ ಬರೆಯಲು, ಸಹಿಯ ಚಿತ್ರ ಅಂಟಿಸಲು ಝೋರ್ನಲ್++. ಸ್ಕ್ಯಾನರ್‌ಗೆ ಮಿಂಟ್‌ನಲ್ಲಿ ಇರುವುದೇ ಸಾಕು.

ಫೋಟೋ 50 ಕೆಬಿ ಒಳಗೆ ಇರಬೇಕು ಅಂತ ಅರ್ಜಿಗಳಲ್ಲಿ ಕೇಳುತ್ತಾರಲ್ಲ, ಅದಕ್ಕೆ ಗಿಂಪ್. ಮೊದಲು ಚಿತ್ರದ ಅಳತೆ ಇಳಿಸಿ. ಜೆಪೆಗ್ ಆಗಿ ಎಕ್ಸ್‌ಪೋರ್ಟ್ ಮಾಡುವಾಗ ಪ್ರಿವ್ಯೂ ತೋರಿಸುವ ಗುರುತು ಹಾಕಿ. ಗುಣಮಟ್ಟದ ಪಟ್ಟಿ ಎಳೆದಂತೆ ಫೈಲ್ ಎಷ್ಟು ಕೆಬಿ ಆಗುತ್ತದೆ ಅಂತ ಅಲ್ಲೇ ತೋರಿಸುತ್ತದೆ. ದಿನಕ್ಕೆ ಹತ್ತು ಸಲ ಈ ಕೆಲಸ ಮಾಡುತ್ತೇನೆ.

ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡ್, ಕರಪತ್ರ ಎಲ್ಲ ಇಂಕ್‌ಸ್ಕೇಪ್‌ನಲ್ಲಿ. ನಿಮಗೆ ದಿನಾ ಬೇಕಾಗದಿರಬಹುದು, ಮಗಳ ಹುಟ್ಟುಹಬ್ಬದ ಕಾರ್ಡ್ ಮಾಡಲು ಹಾಕಿಕೊಳ್ಳಿ. ಕನ್ನಡದ ಒತ್ತಕ್ಷರಗಳು ಸರಿಯಾಗಿ ಕೂರುತ್ತವೆ. ಪ್ರೆಸ್‌ಗೆ ಕಳಿಸುವುದಿದ್ದರೆ ಅಕ್ಷರಗಳನ್ನು ಪಾತ್, ಅಂದರೆ ಗೆರೆಯ ಚಿತ್ರ, ಮಾಡಿ ಕಳಿಸಿ, ಅವರ ಹತ್ತಿರ ಫಾಂಟ್ ಇಲ್ಲದಿದ್ದರೂ ಕೆಡುವುದಿಲ್ಲ. ಪಾತ್ ಮಾಡದ ಪ್ರತಿಯೊಂದು ನಿಮ್ಮ ಬಳಿ ಇರಲಿ, ಇಲ್ಲದಿದ್ದರೆ ಮುಹೂರ್ತದ ಸಮಯ ತಿದ್ದಬೇಕಾದಾಗ ಕಷ್ಟ. ತಂದೆಯವರ ಬರಹಗಳನ್ನು ಪುಸ್ತಕ ಮಾಡುವ ಮನಸ್ಸಿದ್ದರೆ ಪುಟ ವಿನ್ಯಾಸದ ತಂತ್ರಾಂಶ ಸ್ಕ್ರೈಬಸ್ ನೋಡಿ. ಹಳೆಯ 1.4ರಲ್ಲಿ ಕನ್ನಡ ಒಡೆದು ಹೋಗುತ್ತಿತ್ತು. 2024ರ 1.6ರಲ್ಲಿ ಸರಿಯಾಗಿದೆ. ನಾಲ್ಕು ಬಣ್ಣದ ಮುದ್ರಣಕ್ಕೆ ಬೇಕಾದ ಪಿಡಿಎಫ್ ಕೂಡ ಕೊಡುತ್ತದೆ.

ಮಗಳಿಗೆ ಜಿಕಾಂಪ್ರಿ, ಟಕ್ಸ್ ಪೇಂಟ್. ಮೊದಲನೆಯದರಲ್ಲಿ ಎಣಿಕೆ, ಅಕ್ಷರ, ಒಗಟು ಅಂತ ನೂರಕ್ಕೂ ಹೆಚ್ಚು ಆಟಗಳಿವೆ. ಎರಡನೆಯದು ಚಿತ್ರ ಬರೆಯಲು. ಜಾಹೀರಾತು ಒಂದೂ ಇಲ್ಲ, ಮಗುವಿನ ಕೈಗೆ ನಿಶ್ಚಿಂತೆಯಿಂದ ಕೊಡಬಹುದು. ಸ್ವಲ್ಪ ದೊಡ್ಡವಳಾದ ಮೇಲೆ, ನಕ್ಷತ್ರ, ಗ್ರಹಗಳನ್ನು ತೋರಿಸುವ ಸ್ಟೆಲೇರಿಯಂ ತೋರಿಸಿ. ಕರೆಂಟ್ ಹೋದ ರಾತ್ರಿ ಅಂಗಳದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಆಕಾಶ ನೋಡುವ ಸುಖ ಬೇರೆ.

ಹಾಡು, ಸಿನಿಮಾಗೆ ವಿಎಲ್‌ಸಿ. ಪಾಸ್‌ವರ್ಡ್‌ಗಳಿಗೆ ಕೀಪಾಸ್‌ಎಕ್ಸ್‌ಸಿ. ಮೊಬೈಲ್‌ನಿಂದ ಫೈಲ್ ತರಲು ಕೆಡಿಇ ಕನೆಕ್ಟ್, ಎರಡರಲ್ಲೂ ಅದನ್ನು ಹಾಕಿಕೊಂಡು ಒಂದೇ ವೈಫೈನಲ್ಲಿದ್ದರೆ ಸಾಕು, ಕೇಬಲ್ ಬೇಡ.

ಒಂದು ವಿಷಯ ಮಾತ್ರ ಮುಂದೂಡಬೇಡಿ, ಬ್ಯಾಕಪ್. ಮಿಂಟ್‌ನಲ್ಲಿ ಟೈಮ್‌ಶಿಫ್ಟ್ ಇರುತ್ತದೆ. ಅದಿದೆಯಲ್ಲ ಅಂತ ನಾನು ಧೈರ್ಯವಾಗಿದ್ದೆ. ಅದು ಕಾಪಾಡುವುದು ಸಿಸ್ಟಮ್ಮನ್ನು. ನಿಮ್ಮ ಹೋಮ್ ಫೋಲ್ಡರ್‌ನ ಫೈಲ್‌ಗಳನ್ನು ಅದು ತಾನಾಗಿ ಇಟ್ಟುಕೊಳ್ಳುವುದಿಲ್ಲ. ಹಾರ್ಡ್‌ಡಿಸ್ಕ್ ಕೆಟ್ಟ ದಿನ ಒಂದು ಶಾಲೆಯ ವಾರ್ಷಿಕ ಸಂಚಿಕೆ ಪೂರ್ತಿ ಹೋಯಿತು. ಮಕ್ಕಳ ಬರಹ, ಚಿತ್ರ ಎಲ್ಲವನ್ನೂ ಮತ್ತೆ ಕೇಳಿ ತರಬೇಕಾಯಿತು. ಅಂದಿನಿಂದ ಡೆಜಾ ಡ್ಯೂಪ್ ಬಳಸುತ್ತಿದ್ದೇನೆ, ವಾರಕ್ಕೊಮ್ಮೆ ಹೊರಗಿನ ಡಿಸ್ಕ್‌ಗೆ ಪ್ರತಿ ಹೋಗುತ್ತದೆ.

4 ಜಿಬಿ ರ್‍ಯಾಮ್ ಅಂದಿರಲ್ಲ, ಅದಕ್ಕೊಂದು ಮಾತು. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಒಂದೇ ತಂತ್ರಾಂಶ ಎರಡು ರೂಪದಲ್ಲಿ ಸಿಗುತ್ತದೆ, ಸಿಸ್ಟಮ್ ಪ್ಯಾಕೇಜ್ ಮತ್ತು ಫ್ಲ್ಯಾಟ್‌ಪ್ಯಾಕ್. ಎರಡನೆಯದು ಹೊಸ ಆವೃತ್ತಿ ಕೊಡುತ್ತದೆ, ಆದರೆ ತನ್ನ ಸಾಮಾನು ಸರಂಜಾಮನ್ನೆಲ್ಲ ಹೊತ್ತು ತರುತ್ತದೆ. ನಿಮ್ಮ ಲ್ಯಾಪ್‌ಟಾಪ್‌ಗೆ ಮೊದಲನೆಯದೇ ಹಗುರ. ಸ್ಕ್ರೈಬಸ್‌ನಂಥದ್ದು ಹಳೆ ಆವೃತ್ತಿ ಇದ್ದರೆ ಮಾತ್ರ ಫ್ಲ್ಯಾಟ್‌ಪ್ಯಾಕ್‌ಗೆ ಹೋಗಿ.

ಆಗದ ಕೆಲಸವೂ ಇದೆ. ಲೆಕ್ಕಪತ್ರದ ತಂತ್ರಾಂಶ ಟ್ಯಾಲಿ ವಿಂಡೋಸ್‌ಗೆಂದೇ ಇರುವುದು. ನಮ್ಮ ಅಂಗಡಿಯ ಎರಡನೇ ಕಂಪ್ಯೂಟರ್ ಇನ್ನೂ ವಿಂಡೋಸ್‌ನಲ್ಲಿರುವುದು ಅದಕ್ಕೇ. ನಿಮ್ಮ ಪಟ್ಟಿಯಲ್ಲಿ ಅಂಥದ್ದೇನೂ ಕಾಣಲಿಲ್ಲ.

ಈ ವಾರವೇ ಮೊದಲು ಮಾಡಬೇಕಾದ್ದು, ಪೆನ್‌ಡ್ರೈವ್‌ನಲ್ಲಿರುವುದನ್ನೆಲ್ಲ ಎರಡು ಕಡೆ ನಕಲು ಮಾಡಿಟ್ಟುಕೊಳ್ಳಿ. ಹಳೆ ಪೆನ್‌ಡ್ರೈವ್‌ಗಳು ಹೇಳದೆ ಕೇಳದೆ ಕೈಕೊಡುತ್ತವೆ. ಆಮೇಲೆ ಒಂದು ಫೈಲ್ ಲಿಬ್ರೆ ಆಫೀಸ್‌ನಲ್ಲಿ ತೆರೆದು, ಬರಹದ ಮೇಲೆ ಕ್ಲಿಕ್ ಮಾಡಿ, ಮೇಲಿನ ಫಾಂಟ್ ಪೆಟ್ಟಿಗೆಯಲ್ಲಿ ಯಾವ ಹೆಸರು ಬರುತ್ತದೆ ನೋಡಿ ಇಲ್ಲೇ ಬರೆಯಿರಿ. ನುಡಿಯದೋ ಬೇರೆಯದೋ ಅಂತ ಗೊತ್ತಾದರೆ ಯಾವ ಪರಿವರ್ತಕ ಹೊಂದುತ್ತದೆ ಅಂತ ಹೇಳುತ್ತೇನೆ.