ಕಪ್ಪತಗುಡ್ಡದ ಮೇಲೆ ಡೆಬ್ರಿಸ್ ಫ್ಲೋ (ಗುಡ್ಡ ಕುಸಿದು ಮಣ್ಣು, ನೀರು, ಬಂಡೆ ರಾಡಿಯಾಗಿ ಹರಿಯುವುದು) ಮಾಡೆಲ್ ಓಡಿಸಬಹುದಾ? ಯಾವ ಸಾಫ್ಟ್‌ವೇರ್ ಒಳ್ಳೇದು?

ನೀವು ಗದಗದವರು, ಎಂ.ಟೆಕ್ ಪ್ರಾಜೆಕ್ಟಿಗೆ ಕಪ್ಪತಗುಡ್ಡ ಹತ್ತಿರ ಆಗುತ್ತದೆ ಅಂತ ಕೇಳಿದ್ದೀರಿ. ನಾನು ಹುಬ್ಬಳ್ಳಿಯಲ್ಲಿ ಜಿಐಎಸ್ (ಕಂಪ್ಯೂಟರ್ ನಕ್ಷೆ) ಕೆಲಸ ಮಾಡುವವನು. ನನ್ನ ಉತ್ತರ: ಬೇಡ.

ಓಡಿಸಿದರೆ ಓಡುತ್ತದೆ, ತೊಂದರೆ ಅದೇ. ಗುಡ್ಡದ ತಲೆಯಲ್ಲಿ ಒಂದು ಜಾಗ ಗುರುತು ಮಾಡಿ ಇಷ್ಟು ಮಣ್ಣು ಬಿಡು ಅಂದರೆ ಕಂಪ್ಯೂಟರ್ ಬಿಡುತ್ತದೆ. ಅದು ನಿಜಕ್ಕೂ ಕುಸಿಯುತ್ತದಾ ಅಂತ ಕೇಳುವುದಿಲ್ಲ. ನಕ್ಷೆಯಲ್ಲಿ ಕೆಳಗಿನ ಊರಿನ ಮೇಲೆ ಅಪಾಯದ ಕೆಂಪು ಬಣ್ಣ ಬಂದೇ ಬರುತ್ತದೆ, ಗೈಡ್ ಕೂಡ ಖುಷಿಯಾಗಬಹುದು. ಆದರೆ ಅಲ್ಲಿ ಮಳೆ ಕಡಿಮೆ, ಮಾಡೆಲ್ ಹೇಳಿದ್ದು ಸರಿಯೋ ತಪ್ಪೋ ಅಂತ ಹೋಲಿಸಿ ನೋಡಲು ಕಿಲೋಮೀಟರ್‌ಗಟ್ಟಲೆ ರಾಡಿ ಹರಿದ ಹಳೇ ಗುರುತು ಬೇಕಲ್ವಾ?

ಅಂಕೋಲಾ ಹತ್ತಿರದ ಶಿರೂರು ತೊಗೊಳ್ಳೋಣ ಅಂತ ಮುಂದೆ ಅನ್ನಿಸುತ್ತದೆ, ಅದೂ ಸ್ವಲ್ಪ ಕಷ್ಟ. 2024ರ ಜುಲೈ 16ರಂದು ಹೆದ್ದಾರಿ ಪಕ್ಕದ ಗುಡ್ಡ ಕುಸಿದು ನೇರ ಗಂಗಾವಳಿ ನದಿಗೆ ಬಿತ್ತು. ಹರಿದ ದೂರ ಕಡಿಮೆ, ಆಚೆ ದಂಡೆಯ ಉಳುವರೆಯಲ್ಲಿ ಮನೆ ಕೆಡವಿದ್ದು ಎದ್ದ ನೀರಿನ ಅಲೆ. ಬರೀ ಮಣ್ಣಿನ ಮಾಡೆಲ್ ಅದನ್ನು ತೋರಿಸುವುದಿಲ್ಲ.

ಕಲಿಯೋದಕ್ಕೆ ವಯನಾಡಿನ ಮುಂಡಕ್ಕೈ-ಚೂರಲ್ಮಲ ಒಳ್ಳೇದು. ಅದೇ ವರ್ಷ ಜುಲೈ 30ರದ್ದು. ಇಸ್ರೋದ ಎನ್‌ಆರ್‌ಎಸ್‌ಸಿ ಉಪಗ್ರಹ ಚಿತ್ರ ನೋಡಿ ಕೊಟ್ಟ ಲೆಕ್ಕ ಇದೆ: ಕುಸಿತ ಶುರುವಾದದ್ದು ಸುಮಾರು 1,550 ಮೀಟರ್ ಎತ್ತರದಲ್ಲಿ, ಕುಸಿದ ಜಾಗ 86,000 ಚದರ ಮೀಟರ್, ರಾಡಿ ಹರಿದದ್ದು ಸುಮಾರು 8 ಕಿಲೋಮೀಟರ್. ಕುಸಿದ ಜಾಗವನ್ನು ಆಳದಿಂದ ಗುಣಿಸಿದರೆ ಮಣ್ಣಿನ ಪ್ರಮಾಣ. ಈಗ ಆಳ ಎಷ್ಟು ಅಂತೀರಿ? 3 ಮೀಟರ್ ಅಂದರೆ 2.58 ಲಕ್ಷ ಘನ ಮೀಟರ್, 6 ಅಂದರೆ ಅದರ ದುಪ್ಪಟ್ಟು. ಮೇಲೆ ದಾರಿಯುದ್ದಕ್ಕೂ ಹಳ್ಳದ ತಳ, ದಂಡೆ, ಬಂಡೆ ಕಿತ್ತುಕೊಂಡು ಬರುತ್ತದೆ, ಅದು ಬೇರೆ. ನಿಮ್ಮ ಅರ್ಧ ಪ್ರಾಜೆಕ್ಟ್ ಈ ಆಳದ ಸಂಖ್ಯೆಯಲ್ಲೇ ಇದೆ, ಸಾಫ್ಟ್‌ವೇರಿನಲ್ಲಿ ಅಲ್ಲ.

ಸಾಫ್ಟ್‌ವೇರ್ ಬೇಗ ಹೇಳಿಬಿಡುತ್ತೇನೆ. ಫ್ಲೋ-ಆರ್ ಪುಕ್ಕಟೆ, ದೊಡ್ಡ ಪ್ರದೇಶದಲ್ಲಿ ಎಲ್ಲೆಲ್ಲಿ ಹರಡಬಹುದು ಅಂತ ತೋರಿಸುತ್ತದೆ, ಆದರೆ ಮಣ್ಣಿನ ಪ್ರಮಾಣ ಕೇಳುವುದೇ ಇಲ್ಲ. ಸ್ವಿಟ್ಜರ್ಲೆಂಡಿನ ರ್‍ಯಾಮ್ಸ್ ಚೆನ್ನಾಗಿದೆ, ದುಡ್ಡು ಕೊಡಬೇಕು. ಆರ್.ಅವಾಫ್ಲೋ ಪುಕ್ಕಟೆ, ಗ್ರಾಸ್ ಜಿಐಎಸ್ ಜೊತೆ ಲಿನಕ್ಸ್‌ನಲ್ಲಿ ಓಡಿಸಿ. ಮೊದಲ ವಾರ ತಲೆ ತಿನ್ನುತ್ತದೆ, ಆಮೇಲೆ ಸರಿ ಹೋಗುತ್ತದೆ.

ಘರ್ಷಣೆಯ ಸಂಖ್ಯೆಗಳ ವಿಷಯದಲ್ಲಿ ಹುಷಾರು. ಹರಿವಿಗೆ ಎಷ್ಟು ತಡೆ ಅಂತ ಲೆಕ್ಕ ಹಾಕುವ ಫೋಯೆಲ್ಮಿ ಸೂತ್ರದಲ್ಲಿ ಎರಡು ಇವೆ, ಮ್ಯೂ (ನೆಲಕ್ಕೆ ಉಜ್ಜುವ ಘರ್ಷಣೆ) ಮತ್ತು ಕ್ಸೈ (ವೇಗದ ಜೊತೆ ಏರುವ ತಡೆಯದು). ಜೋರಾಗಿ ಓಡುವಾಗ ಕ್ಸೈ ಹಿಡಿತ ಜಾಸ್ತಿ, ಎಲ್ಲಿ ನಿಲ್ಲುತ್ತದೆ ಅನ್ನೋದನ್ನು ಹೆಚ್ಚಾಗಿ ಮ್ಯೂ ತೀರ್ಮಾನಿಸುತ್ತದೆ. ರ್‍ಯಾಮ್ಸ್ ಕೈಪಿಡಿ ಮ್ಯೂ 0.2, ಕ್ಸೈ 200ರಿಂದ ಶುರು ಮಾಡಿ ಅನ್ನುತ್ತದೆ. ಹಾಗೇ ಹಾಕಿದರೆ ವಯನಾಡಿನ ರಾಡಿ ಅರ್ಧ ದಾರಿಯಲ್ಲೇ ನಿಂತುಬಿಡಬಹುದು, ಯಾಕಂದರೆ ಅಲ್ಲಿ ಒಟ್ಟು ದಾರಿಯ ಇಳಿಜಾರು ಹತ್ತಕ್ಕೆ ಒಂದರ ಆಸುಪಾಸು, ಅಂದರೆ 0.1, ಆ ಮ್ಯೂಗಿಂತ ಕಡಿಮೆ. ಇನ್ನೊಂದು ಗೋಳು, ಮ್ಯೂ-ಕ್ಸೈ ಬೇರೆ ಬೇರೆ ಜೋಡಿ ಹಾಕಿದರೂ ಕೆಲವು ಸಲ ಒಂದೇ ಜಾಗಕ್ಕೆ ಬಂದು ನಿಲ್ಲಬಹುದು, ವೇಗ ಮಾತ್ರ ಬೇರೆ. ಅದಕ್ಕೆ ನಿಂತ ಜಾಗ ಒಂದೇ ಹೊಂದಿಸಿ ಬಿಡಬೇಡಿ. ಹಳ್ಳದ ತಿರುವಿನಲ್ಲಿ ಹೊರ ದಂಡೆಯ ಮೇಲೆ ರಾಡಿ ಎಷ್ಟು ಎತ್ತರಕ್ಕೆ ಏರಿದೆ ನೋಡಿದರೆ ವೇಗದ ಅಂದಾಜು ಸಿಗುತ್ತದೆ, ಅದನ್ನೂ ಹೊಂದಿಸಿ.

ಎತ್ತರದ ಡೇಟಾಕ್ಕೆ ಯುರೋಪಿನ ಕೋಪರ್ನಿಕಸ್ ಯೋಜನೆಯದು (30 ಮೀಟರಿಗೊಂದು ಎತ್ತರ) ಪುಕ್ಕಟೆ ಸಿಗುತ್ತದೆ. ಕುಸಿತಕ್ಕಿಂತ ಮೊದಲಿನ ನೆಲ ಅದರಲ್ಲಿದೆ ಅನ್ನೋದು ಅನುಕೂಲ. ಆದರೆ ದಟ್ಟ ಕಾಡಿದ್ದಲ್ಲಿ ಅದು ಮರದ ನೆತ್ತಿಯ ಹತ್ತಿರದ ಎತ್ತರ ಹೇಳುತ್ತದೆ, ನೆಲದ್ದಲ್ಲ. ಹತ್ತು ಮೀಟರ್ ಅಗಲದ ಹಳ್ಳ ಅದರಲ್ಲಿ ಕಾಣುವುದೂ ಇಲ್ಲ, ರಾಡಿ ಸುಮ್ನೆ ಅಗಲಕ್ಕೆ ಹರಡಿಕೊಳ್ಳುತ್ತದೆ.

ಮಾಡೆಲ್ ವಯನಾಡಿಗೆ ಹೊಂದಿದ ಮೇಲೆ ನಮ್ಮ ಕಡೆಯದೇ ಬೇಕೆಂದರೆ ಯಲ್ಲಾಪುರದ ಕಳಚೆ ನೋಡಿ. 2021ರ ಜುಲೈನಲ್ಲಿ ಅಲ್ಲಿ ಗುಡ್ಡ ಕುಸಿದು ಅಡಿಕೆ ತೋಟಗಳು ಹೋದವು. ಮಳೆಗಾಲ ಮುಗಿದ ಮೇಲೆ ಹೋಗಿ, ಎಲ್ಲಿವರೆಗೆ ಬಂತು ಅಂತ ತೋಟದವರನ್ನೇ ಕೇಳಿ. ಆಳ 3, 4, 6 ಅಂತ ಬೇರೆ ಬೇರೆ ಓಡಿಸಿ, ಎಲ್ಲವನ್ನೂ ಒಂದೇ ನಕ್ಷೆಯಲ್ಲಿ ಒಂದರ ಮೇಲೊಂದು ಹಾಕಿ ಕೊಡಿ. ವೈವಾದಲ್ಲಿ ಮೊದಲು ಕೇಳೋದೇ ಆಳ ಎಲ್ಲಿಂದ ತಂದೆ ಅಂತ.