ಮುಟ್ಟು ನಿಂತ ಮೇಲೆ ವಿನೆಗರ್ ಪರೀಕ್ಷೆ ಸಾಕಾ?

ಅಮ್ಮನಿಗೆ 54 ವರ್ಷ, ಮುಟ್ಟು ನಿಂತಿದೆ, ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪತ್ತೆಗೆ ಊರಿನ ಆರೋಗ್ಯ ಕೇಂದ್ರದ ವಿನೆಗರ್ ಪರೀಕ್ಷೆ ಸಾಕಾ ಎಂದು ಕೇಳಿದ್ದೀರಿ. ಅವರಿಗೆ ಎಚ್‌ಪಿವಿ (ಈ ಕ್ಯಾನ್ಸರ್ ತರುವ ವೈರಸ್) ಟೆಸ್ಟೇ ಮಾಡಿಸಿ.

ವಿನೆಗರ್ ಪರೀಕ್ಷೆ ಸುಮ್ನೆ ಕಾಟಾಚಾರದ್ದಲ್ಲ. ಗರ್ಭಕೋಶದ ಬಾಯಿಗೆ ತೆಳು ಅಸಿಟಿಕ್ ಆಮ್ಲ ಹಚ್ಚಿ ಒಂದು ನಿಮಿಷ ಕಾದರೆ ಅನುಮಾನದ ಭಾಗ ಬೆಳ್ಳಗಾಗುತ್ತದೆ. ಮುಂಬೈಯ ಕೊಳೆಗೇರಿಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಇದನ್ನೇ ಮಾಡಿ, ಈ ಕ್ಯಾನ್ಸರ್‌ನ ಸಾವನ್ನು ಶೇ. 31ರಷ್ಟು ಇಳಿಸಿದರು. ಎಷ್ಟು ದೊಡ್ಡ ಕೆಲಸ! ಆದರೆ ಮುಟ್ಟು ನಿಂತ ಮೇಲೆ ನೋಡಬೇಕಾದ ಜಾಗ ಒಳಗೆ ಸರಿದುಬಿಡುತ್ತದೆ. ಕಣ್ಣಿಗೇ ಕಾಣದಿದ್ದರೆ ನುರಿತವರಿಗೂ ಕಷ್ಟ, ಅಲ್ವಾ?

ಎಚ್‌ಪಿವಿ ಟೆಸ್ಟ್ ವೈರಸ್ಸನ್ನೇ ಹುಡುಕುತ್ತದೆ. ನಮ್ಮ ಬೀದರ್, ಕಲಬುರಗಿಯ ಗಡಿಗೆ ಅಂಟಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯಲ್ಲಿ 1.3 ಲಕ್ಷ ಹೆಂಗಸರ ಮೇಲೆ ನಡೆದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಒಂದೇ ಸಲ ಈ ಟೆಸ್ಟ್ ಕೊಟ್ಟ ಗುಂಪಿನಲ್ಲಿ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಒಂದೇ ಸಲ ವಿನೆಗರ್ ಪರೀಕ್ಷೆ ಮಾಡಿದ ಗುಂಪಿನಲ್ಲಿ ಅಂಥ ಇಳಿಕೆ ಕಾಣಲಿಲ್ಲ.

ಅಮ್ಮನಿಗೆ ನಾಚಿಕೆ ಎಂದೂ ಬರೆದಿದ್ದೀರಿ. ಮಾದರಿಯನ್ನು ತಾವೇ ತೆಗೆದುಕೊಳ್ಳುವ ಕಿಟ್ ಕೂಡ ಇದೆ, ಲ್ಯಾಬ್‌ನಲ್ಲಿ ವಿಚಾರಿಸಿ. ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದಲ್ಲ. ಇದು ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್ ಎಂದು ಯಾರ ನಡತೆಯ ಮೇಲೂ ಅನುಮಾನ ಪಡಬೇಡಿ, ವೈರಸ್ ತುಂಬಾ ವರ್ಷ ಹಿಂದಿನದೂ ಇರಬಹುದು. ಪಾಸಿಟಿವ್ ಬಂದಾಗ ಕಾಲ್ಪೊಸ್ಕೋಪಿಗೆ (ಗರ್ಭಕೋಶದ ಬಾಯಿಯನ್ನು ದೊಡ್ಡದು ಮಾಡಿ ತೋರಿಸುವ ಉಪಕರಣದಿಂದ ನೋಡುವುದು) ಹೇಳುತ್ತಾರೆ, ಅದನ್ನು ಮಾತ್ರ ತಪ್ಪಿಸಬೇಡಿ. ನೆಗೆಟಿವ್ ಬಂದರೆ ಮುಂದಿನ ಟೆಸ್ಟ್ ಐದು ವರ್ಷ ಬಿಟ್ಟು.

ಇನ್ನೊಂದು: ಮುಟ್ಟು ನಿಂತ ಮೇಲೆ ಸ್ವಲ್ಪ ರಕ್ತ ಕಂಡರೂ ಈ ಟೆಸ್ಟ್‌ಗಾಗಿ ಕಾಯದೆ ಸೀದಾ ಸ್ತ್ರೀರೋಗ ವೈದ್ಯರ ಹತ್ತಿರ ಕರೆದುಕೊಂಡು ಹೋಗಿ.